ಕಚ್ಚದ ಜೇನು, ಓಡಿದ ಕರಡಿ

ಮೂರು ಜೇನುಪೆಟ್ಟಿಗೆ ನುಚ್ಚುನೂರಾಗಿ ಬಿದ್ದಿದ್ದವು.

ಬೇಲಿಯ ತಂತಿ ನೆಲ ಕಚ್ಚಿತ್ತು. ಒಡೆದ ಹಲಗೆ, ಮುರಿದ ಜೇನಿನ ಎರಿ, ಮಣ್ಣಿಗೆ ಸುರಿದ ಜೇನುತುಪ್ಪ. ಬಿಸಿಲು ಇನ್ನೂ ಸರಿಯಾಗಿ ಏರಿರಲಿಲ್ಲ, ಆಗಲೇ ಜೇನುತೋಟದಲ್ಲಿ ಅರ್ಧ ಊರು ಸೇರಿತ್ತು. ಸೇರಿದವರು ಸುಮ್ಮನೆ ನಿಂತಿದ್ದರೆ ಸರಿಯಿತ್ತು. ಇದ್ದಬದ್ದ ಹೆಜ್ಜೆಗುರುತನ್ನೆಲ್ಲ ತುಳಿದು ಹಸನು ಮಾಡಿಟ್ಟಿದ್ದರು.

ಕಿಡಿ ಜನರನ್ನು ತಳ್ಳಿಕೊಂಡೇ ಒಳಗೆ ಬಂದಳು. ವೆಲ್ಡಿಂಗ್ ಅಂಗಡಿಯಿಂದ ಓಡಿ ಬಂದವಳು, ಕೈಗವಸು ಇನ್ನೂ ಸೊಂಟಕ್ಕೆ ಸಿಕ್ಕಿಕೊಂಡಿತ್ತು. ಕೆಲಸ ನೋಡಿ ಇಟ್ಟ ಹೆಸರೋ ಸಿಟ್ಟು ನೋಡಿ ಇಟ್ಟ ಹೆಸರೋ, ಊರಿಗೆಲ್ಲ ಅವಳು ಕಿಡಿ. ಕರಡಿ ಕಾಟಕ್ಕೆ ಈ ಕರೆಂಟ್ ಬೇಲಿ ಕಟ್ಟಿದವಳು ಅವಳೇ. ಕಂಬ ಬೆಸೆದವಳು ಅವಳು, ತಂತಿ ಎಳೆದವಳು ಅವಳು. ಒಂದಿಡೀ ಚಳಿಗಾಲ ಇದಕ್ಕೇ ಹೋಗಿತ್ತು.

"ಬಾರಮ್ಮ ಬಾ," ಅಂದ ಗುರಿಕಾರ. ಊರಿನ ಬೇಟೆಗಾರ ಅವನು. ಜೀಪಿನಿಂದ ಇಳಿದಿರಲಿಲ್ಲ. ಗಾಜು ನಾಲ್ಕು ಬೆರಳಷ್ಟೇ ಇಳಿಸಿದ್ದ, ಪಕ್ಕದ ಸೀಟಿನಲ್ಲಿ ಬಂದೂಕು. "ನಿನ್ನ ಬೇಲಿ ಬಟ್ಟೆ ಒಣಗಿಸೋಕೆ ಹೇಳಿ ಮಾಡಿಸಿದ ಹಾಗಿದೆ."

ಜನ ನಕ್ಕರು.

"ನಗಿ, ನಗಿ. ಯಾರ‍್ಯಾರ ಹಲ್ಲು ಕಾಣ್ತಿದೆ ಅಂತ ನೆನಪಿಟ್ಕೋತೀನಿ," ಅಂದಳು ಕಿಡಿ.

ಜೇನುಗಾರರ ಸಂಘದ ಅಧ್ಯಕ್ಷೆ ಅವಳನ್ನು ಬ್ಯಾಟರಿ ಪೆಟ್ಟಿಗೆಯ ಹತ್ತಿರ ಕರೆದರು. ಮಾತು ಕಮ್ಮಿ, ಆಡಿದರೆ ಮೊಳೆ ಹೊಡೆದ ಹಾಗೆ.

"ವೈರು ಕಳಚಿದೆ. ಬೇಲಿಯಲ್ಲಿ ಕರೆಂಟೇ ಇಲ್ಲ. ನಿನ್ನೆ ಸಂಜೆ ಬ್ಯಾಟರಿ ಬದಲಾಯಿಸಿದ್ದು ನೀನು. ವೈರು ಹಾಕೋದು ಮರೆತೆ."

"ಮರೆತಿಲ್ಲ. ನಟ್ ಬಿಗಿ ಮಾಡಿ ಹೋಗಿದ್ದೀನಿ."

"ಹಾಗಾದ್ರೆ ಕರಡಿ ಸ್ಪ್ಯಾನರ್ ತಂದಿತ್ತಾ?"

ಮತ್ತೆ ನಗು.

"ಸಂಜೆ ಸಭೆ ಇದೆ," ಅಂದರು ಅಧ್ಯಕ್ಷೆ. "ಕರಡಿ ಹೊಡೆಯೋಕೆ ಅನುಮತಿ ಕೇಳ್ತೀವಿ. ಬೇಲಿಯ ಸಹವಾಸ ಸಾಕು. ಇದನ್ನೂ ಬಿಚ್ಚಿಕೊಂಡು ಹೋಗು, ಬೇರೆ ತೋಟಗಳಿಗೂ ಬೇಡ."

ಚಿಕ್ಕಪ್ಪ ಒಬ್ಬನೇ ಅವಳ ಪಕ್ಕ ಬಂದು ನಿಂತ. ಅಪ್ಪ ಹೋದ ಮೇಲೆ ಅವಳನ್ನು ಸಾಕಿದವನು ಅವನೇ. ಬೇಲಿ ಬರುವ ಮುಂಚೆ ವರ್ಷಾನುಗಟ್ಟಲೆ ಈ ತೋಟದ ರಾತ್ರಿ ಕಾವಲು ಅವನದು. ಈಗಲೂ ತೋಟದ ಮೂಲೆಯ ಕೋಣೆಯಲ್ಲೇ ವಾಸ. ಉದ್ದನೆಯ ಉಣ್ಣೆ ಕೋಟು ಹಾಕಿಕೊಂಡು, ಒಂದು ಕೈ ಎದೆಯ ಮೇಲಿಟ್ಟುಕೊಂಡಿದ್ದ.

"ಬಿಡು ಮಗಳೇ. ತಂತಿ ಎಷ್ಟಾದ್ರೂ ತಂತಿ. ಮನುಷ್ಯ ಕಾದ ಹಾಗಾಗುತ್ತಾ?"

"ಎದೆ ನೋವಾ ಚಿಕ್ಕಪ್ಪ?"

"ಏನಿಲ್ಲ. ಚಳಿ."

ಕಿಡಿ ಬಗ್ಗಿ ಒಡೆದ ಹಲಗೆಗಳನ್ನು ಬರಿಗೈಯಲ್ಲಿ ಎತ್ತಿ ನೋಡಿದಳು. ಜೇನುಹುಳುಗಳು ಅವಳ ಮೊಣಕೈ ಮೇಲೆಲ್ಲ ಹರಿದಾಡಿದವು. ಸಿಟ್ಟಿನಲ್ಲಿ ಅವಳಿಗೆ ಅದು ಗಮನಕ್ಕೇ ಬರಲಿಲ್ಲ.

"ಸಂಜೆವರೆಗೆ ಬೇಲಿ ಮುಟ್ಟಬೇಡಿ," ಅಂದಳು. "ಯಾರಾದ್ರೂ ಮುಟ್ಟಿದ್ರೆ ನಾನು ಕರಡಿಗಿಂತ ಕೆಟ್ಟವಳು."

* * *

ಅರಣ್ಯದ ಗಾರ್ಡು ಬಂದಾಗ ಜನ ಚದುರಿದ್ದರು. ಅವನು ಬೇಲಿಯ ಒಳಗೆ ಕಾಲಿಡಲೇ ಇಲ್ಲ. ಹೊರಗೆ ಸುತ್ತು ಹಾಕಿ, ಕಾಡಿನ ಕಡೆಯ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತ.

"ಇಲ್ಲಿ ಯಾರೂ ತುಳಿದಿಲ್ಲ. ಬಾ, ನೋಡು."

ನಿನ್ನೆ ಸಂಜೆ ಹನಿದ ಮಳೆಗೆ ಮಣ್ಣು ಮೆತ್ತಗಾಗಿತ್ತು. ಅದರಲ್ಲಿ ಅಂಗೈಗಿಂತ ದೊಡ್ಡ ಹೆಜ್ಜೆಗಳು, ಹಿಂದೆಯೇ ಮರಿಗಳ ಪುಟ್ಟ ಹೆಜ್ಜೆಗಳು. ನಿಧಾನವಾಗಿ ನಡೆದು ತಂತಿಯವರೆಗೂ ಬಂದಿದ್ದವು.

"ತಂತಿಗೆ ಏನು ಸವರಿದ್ದೆ?"

"ಮೀನೆಣ್ಣೆ. ವಾಸನೆಗೆ ಕರಡಿ ಮೂಗು ತಾಗಿಸಬೇಕು. ಮೈಗೆ ತಾಗಿದ್ರೆ ಕೂದಲು ದಪ್ಪ, ಶಾಕ್ ಹತ್ತಲ್ಲ. ಮೂಗಿಗೆ ಹೊಡೆದ್ರೆ ಜನ್ಮದಲ್ಲಿ ಈ ಕಡೆ ತಲೆ ಹಾಕಲ್ಲ."

"ಹೊಡೆದಿದೆ. ಸರಿಯಾಗೇ ಹೊಡೆದಿದೆ." ಗಾರ್ಡು ಬೆರಳು ಚಾಚಿದ. ಬಂದ ಹೆಜ್ಜೆ ಹಗುರ, ಹೋದ ಹೆಜ್ಜೆ ಆಳ. ಉಗುರು ಮಣ್ಣು ಸೀಳಿ, ಮುದ್ದೆಮುದ್ದೆ ಹಿಂದಕ್ಕೆ ಎರಚಿತ್ತು. "ದಿಕ್ಕಾಪಾಲು ಓಡಿದೆ. ಒಳಗೆ ಬಂದೇ ಇಲ್ಲ ಅದು."

ಕಿಡಿ ಎದ್ದು ನಿಂತಳು. ಕರಡಿ ಬಂದಾಗ ತಂತಿಯಲ್ಲಿ ಕರೆಂಟ್ ಇತ್ತು. ಅಂದರೆ ಅವಳು ಮರೆತಿಲ್ಲ. ಆಮೇಲೆ ಯಾರೋ ವೈರು ಬಿಚ್ಚಿದ್ದಾರೆ.

"ಇನ್ನೊಂದು ವಿಷಯ," ಅಂದ ಗಾರ್ಡು. "ಹೋದ ವರ್ಷ ಇನ್ನೊಂದು ಕಡೆ ಕರಡಿ ನುಗ್ಗಿತ್ತು. ಎರಡು ದಿನ ನಾವು ಆ ತೋಟದ ಹತ್ತಿರ ಸುಳಿಯೋಕಾಗ್ಲಿಲ್ಲ. ಹುಳುಗಳಿಗೆ ಅಷ್ಟು ರೋಷ, ಕಂಡಕಂಡವರಿಗೆ ಕಚ್ಚಿದ್ವು. ಇಲ್ಲಿ ಬೆಳಿಗ್ಗೆ ಯಾರಿಗೆ ಕಚ್ಚಿದ್ವು?"

ಕಿಡಿ ತನ್ನ ಬರಿಗೈ ನೋಡಿಕೊಂಡಳು.

ಒಬ್ಬರಿಗೂ ಕಚ್ಚಿರಲಿಲ್ಲ.

* * *

ಅವಳಿಗೆ ಮೊದಲು ನೆನಪಾದದ್ದು ಬಂದೂಕು. ಗುರಿಕಾರನ ಶೆಡ್ಡಿಗೆ ನುಗ್ಗಿದಾಗ ಅವನು ಜೀಪಿನ ಬಾನೆಟ್ಟಿನೊಳಗೆ ತಲೆ ಹಾಕಿದ್ದ.

"ನೀನೇ ಮಾಡಿದ್ದು!"

ಅವನ ತಲೆ ಬಾನೆಟ್ಟಿಗೆ ಬಡಿಯಿತು. "ಅಯ್ಯೋ! ಏನೇ ನಿನ್ನ ಗಲಾಟೆ?"

"ಗೋಡೆಗೆ ಕರಡಿ ಚರ್ಮ ಬೇಕು ಅಂತ ಪೆಟ್ಟಿಗೆ ಒಡೆದೆ. ಬೆಳಕು ಹರಿಯೋ ಮುಂಚೆ ಬಂದೂಕು ಹಿಡ್ಕೊಂಡು ಬಂದು ಕೂತಿದ್ದೆಯಲ್ಲ!"

"ನಿಮ್ಮ ಚಿಕ್ಕಪ್ಪ ಫೋನ್ ಮಾಡಿದ, ಬಂದೆ. ನಾನು ಜೀಪಿನಿಂದ ಇಳಿದದ್ದು ನೋಡಿದ್ಯಾ? ಗಾಜು ಪೂರ್ತಿ ಇಳಿಸಿದ್ದು ನೋಡಿದ್ಯಾ?" ಅವನು ಎದೆಜೇಬಿನಿಂದ ಒಂದು ಇಂಜೆಕ್ಷನ್ ತೆಗೆದು ಅವಳ ಮುಖದ ಮುಂದೆ ಹಿಡಿದ. "ಒಂದೇ ಒಂದು ಹುಳು ಕಚ್ಚಿದ್ರೆ ನನಗೆ ಉಸಿರು ಕಟ್ಟುತ್ತೆ. ಆಸ್ಪತ್ರೆಯೇ ಗತಿ. ಕರಡಿ ಎದುರಿಗೆ ಬರಲಿ, ನಿಲ್ತೀನಿ. ಜೇನುಪೆಟ್ಟಿಗೆ ಒಡಿ ಅಂದ್ರೆ ನಮ್ಮಪ್ಪನಾಣೆ ಆಗಲ್ಲ."

ಹುಲಿಯ ಹಾಗೆ ಮೀಸೆ ಬಿಟ್ಟವನು ಹುಳಕ್ಕೆ ಹೆದರುತ್ತಿದ್ದ. ಅಷ್ಟು ಸಿಟ್ಟಿನಲ್ಲೂ ಕಿಡಿಗೆ ನಗು ಬಂತು.

"ಯಾರಿಗೂ ಹೇಳಬೇಡ," ಅಂದ ಅವನು.

"ಸಭೆಯಲ್ಲಿ ಬಾಯಿ ಮುಚ್ಚಿಕೊಂಡಿದ್ರೆ ಹೇಳಲ್ಲ."

* * *

ತೋಟಕ್ಕೆ ವಾಪಸು ಬಂದು ಅವಳು ಚೂರುಗಳನ್ನು ಒಂದೊಂದಾಗಿ ಆರಿಸಿದಳು. ಮುರಿದದ್ದನ್ನು ಜೋಡಿಸುವುದು ಅವಳ ದಿನದ ಕೆಲಸ. ಹಲಗೆಗೆ ಹಲಗೆ ಕೂಡಿತು. ಮುಚ್ಚಳಕ್ಕೆ ಮುಚ್ಚಳ ಕೂಡಿತು. ಪೆಟ್ಟಿಗೆಯ ಮೇಲಂತಸ್ತಿನಲ್ಲಿ ತುಪ್ಪ, ಕೆಳಗೆ ಮರಿಗಳು ಬೆಳೆಯುವ ಎರಿ. ತುಪ್ಪದ ಚೌಕಟ್ಟುಗಳ ಚೂರು ರಾಶಿ ಬಿದ್ದಿತ್ತು. ಮರಿ ಎರಿಯ ಚೌಕಟ್ಟು ಒಂದೂ ಇರಲಿಲ್ಲ.

ಕರಡಿ ಜೇನಿನ ಮರಿಗಳನ್ನ ತಿನ್ನುತ್ತೆ, ಸರಿ. ಚೌಕಟ್ಟಿನ ಕಟ್ಟಿಗೆನೂ ತಿನ್ನುತ್ತಾ?

ಮರಿ ಎರಿ ಯಾರಿಗೆ ಬೇಕು? ಮಾರೋಕೆ ಬರಲ್ಲ, ತಿನ್ನೋಕೆ ಬರಲ್ಲ. ಬೆಚ್ಚಗಿಡದಿದ್ದರೆ ರಾತ್ರಿ ಚಳಿಗೆ ಸಾಯುತ್ತೆ. ಬೆಚ್ಚಗಿರೋ ಜಾಗ ಅಂದರೆ ಇನ್ನೊಂದು ಜೇನುಪೆಟ್ಟಿಗೆ.

ಅಧ್ಯಕ್ಷೆಯನ್ನು ಅವಳು ಕೈ ಹಿಡಿದೇ ಎಳೆದು ತಂದಳು. "ಒಡೆಯದೆ ಉಳಿದಿರೋ ಪೆಟ್ಟಿಗೆ ತೆಗೀರಿ. ನನ್ನೆದುರಿಗೇ ತೆಗೀರಿ."

ಅಧ್ಯಕ್ಷೆ ಮುಖಕ್ಕೆ ಬಲೆ ಹಾಕಿ ಸಾಲಿನ ಕೊನೆಯ ಪೆಟ್ಟಿಗೆಯ ಮುಚ್ಚಳ ಎತ್ತಿದರು. ಮೇಲಂತಸ್ತಿನಲ್ಲಿ ತುಪ್ಪ ಇರಬೇಕಿತ್ತು. ಇದ್ದದ್ದು ಮರಿ ಎರಿ. ಹುಳು ಮುತ್ತಿದ, ಹಾಲುಬಣ್ಣದ ಮರಿಗಳು ತುಂಬಿದ ಎರಿ. ಪಕ್ಕದ ಎರಡು ಪೆಟ್ಟಿಗೆಯಲ್ಲೂ ಅದೇ. ಎರಡೂ ಅಂತಸ್ತಿನ ನಡುವೆ ಒಂದು ಹಾಳೆ ಹಾಸಿತ್ತು. ಹಳೆ ನ್ಯೂಸ್‌ಪೇಪರು, ಮೇಲೆ ಸಣ್ಣ ಸಣ್ಣ ತೂತು.

"ಇದೇನು?"

"ಎರಡು ಪೆಟ್ಟಿಗೆಯ ಹುಳುಗಳ ಸಂಸಾರ ಕೂಡಿಸುವಾಗ ನಡುವೆ ಏನಾದ್ರೂ ಇಡಬೇಕು," ಅಧ್ಯಕ್ಷೆಯ ದನಿ ಇಳಿದಿತ್ತು. "ತಕ್ಷಣ ಸೇರಿಸಿದ್ರೆ ಕಚ್ಚಾಡಿ ಸಾಯ್ತವೆ. ಪೇಪರು ಕಡಿದು ತೂತು ಮಾಡಿಕೊಂಡು ಬರೋಷ್ಟರಲ್ಲಿ ವಾಸನೆ ಒಂದಾಗಿರುತ್ತೆ. ನಾವೆಲ್ಲ ಈಗ ಜಾಲರಿ ಇಡ್ತೀವಿ. ಪೇಪರು ಇಡೋನು..."

ಮಾತನ್ನು ಅಲ್ಲೇ ನುಂಗಿದರು. ಕಿಡಿಯನ್ನು ನೋಡಿದರು.

ಕಿಡಿ ನೆಲ ನೋಡಿದಳು. ಕೂಗಾಡಲಿಲ್ಲ. ಅವಳು ಕೂಗಾಡದ್ದು ನೋಡಿ ಅಧ್ಯಕ್ಷೆಗೆ ಹೆದರಿಕೆಯಾಯಿತು.

"ಸಭೆಯಲ್ಲಿ ಹೇಳ್ತೀನಿ," ಅಂದಳು. "ನಾನೇ ಹೇಳಬೇಕು."

* * *

ಸಂಘದ ಕೋಣೆಯಲ್ಲಿ ಕುರ್ಚಿ ಸಾಲದೆ ಜನ ಕಿಟಕಿಗೆ ಆತುಕೊಂಡು ನಿಂತಿದ್ದರು. ಸೆಕೆ. ಎಲ್ಲರೂ ಅಂಗಿಯ ತೋಳು ಮಡಚಿದ್ದರು. ಚಿಕ್ಕಪ್ಪ ಮಾತ್ರ ಕೋಟು ಬಿಚ್ಚಿರಲಿಲ್ಲ.

"ಕರಡಿ ಬಂದಿತ್ತು," ಅಂದಳು ಕಿಡಿ. "ನನ್ನ ತಂತಿ ಅದರ ಮೂಗಿಗೆ ಬಾರಿಸಿತು. ಓಡಿಹೋಯಿತು. ಗಾರ್ಡಣ್ಣ ಹೆಜ್ಜೆ ನೋಡಿದ್ದಾರೆ. ಆಮೇಲೆ ಮನುಷ್ಯ ಬಂದ. ನಟ್ ಬಿಚ್ಚಿ ವೈರು ತೆಗೆದ. ಪೆಟ್ಟಿಗೆ ಒಡೆಯೋ ಮುಂಚೆ ಹೊಗೆ ಹಾಕಿದ. ಹೊಗೆಗೆ ಹುಳು ಹೊಟ್ಟೆ ತುಂಬ ತುಪ್ಪ ಕುಡಿದು ಸಾಧುವಾಗ್ತವೆ, ನಿಮಗೆಲ್ಲ ಗೊತ್ತು. ಅದಕ್ಕೇ ಬೆಳಿಗ್ಗೆ ಅಷ್ಟು ಜನ ತುಳಿದಾಡಿದ್ರೂ ಒಬ್ಬರಿಗೂ ಕಚ್ಚಲಿಲ್ಲ. ಕರಡಿ ಹೊಗೆ ಹಾಕಲ್ಲ."

ಅವಳು ಅಧ್ಯಕ್ಷೆಯ ಕಡೆ ನೋಡಿ ಮುಂದುವರಿಸಿದಳು.

"ಅವನು ಮರಿ ಎರಿಗಳನ್ನ ಬೇರೆ ಪೆಟ್ಟಿಗೆಗೆ ಸಾಗಿಸಿದ. ಅಲ್ಲಿದ್ದ ತುಪ್ಪದ ಎರಿ ತೆಗೆದು ನೆಲಕ್ಕೆ ಹಾಕಿ ಪುಡಿ ಮಾಡಿದ. ಹುಳು ಕಚ್ಚಾಡಬಾರದು ಅಂತ ಪೇಪರು ಹಾಸಿದ. ಒಂದು ಮರಿನೂ ಸಾಯಬಾರದು ಅವನಿಗೆ. ಹೆಸರು ಕೆಡಬೇಕಾದ್ದು ಬೇಲಿದು. ಅಷ್ಟೇ." ಅವಳು ಚಿಕ್ಕಪ್ಪನ ಕಡೆ ತಿರುಗಿದಳು. "ಆದ್ರೆ ಒಂದು ಪೆಟ್ಟಿಗೆಯಲ್ಲಿ ಎರಡು ರಾಣಿ ಇದ್ರೆ ಒಂದನ್ನೊಂದು ಕೊಲ್ತವೆ. ಒಡೆದ ಪೆಟ್ಟಿಗೆಗಳ ಮೂರು ರಾಣಿ ಎಲ್ಲಿ? ಅವಕ್ಕೆ ಮೈಶಾಖ ಬೇಕು. ಜೇಬಿನಲ್ಲಿಟ್ಟುಕೊಳ್ಳಬೇಕು. ಚಿಕ್ಕಪ್ಪ, ಕೋಟು ಬಿಚ್ಚು."

ಚಿಕ್ಕಪ್ಪ ಕದಲಲಿಲ್ಲ.

"ಬಿಚ್ಚು ಚಿಕ್ಕಪ್ಪ. ಅವು ಬೆಳಿಗ್ಗೆಯಿಂದ ಹಾಗೇ ಇವೆ."

ಆ ಮಾತಿಗೆ ಅವನ ಕೈ ಎದ್ದಿತು. ಕೋಟಿನ ಒಳಜೇಬಿನಿಂದ ತೂತು ಕೊರೆದ ಮೂರು ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ತೂತಿನೊಳಗಿಂದ ಗುಂಯ್ ಅನ್ನುವ ಸಣ್ಣ ಸದ್ದು.

"ಕರಡಿ ಓಡಿದ್ದನ್ನ ಕಣ್ಣಾರೆ ನೋಡಿದೆ," ಅಂದ. "ನಾನು ತಮಟೆ ಬಡಿದು, ಪಂಜು ಬೀಸಿ, ಗಂಟಲು ಹರಕೊಂಡ್ರೂ ಅದು ಹಿಂದೆ ತಿರುಗಿ ನೋಡ್ಕೊಂಡು ನಿಧಾನಕ್ಕೆ ಹೋಗ್ತಿತ್ತು. ನಿನ್ನ ತಂತಿಗೆ ನಾಯಿಮರಿ ಥರ ಕಿರುಚಿ ಓಡಿತು. ಇಷ್ಟು ವರ್ಷ ನಿದ್ದೆಗೆಟ್ಟು ಕಾದವನು ನಾನು. ಬೇಲಿ ಬಂದ ದಿನ ಎಲ್ಲರೂ ಏನಂದ್ರಿ? ಇನ್ನು ಹೋಗಿ ಮಲ್ಕೋ ಅಂದ್ರಿ. ಒಬ್ಬರಾದ್ರೂ ಚೆನ್ನಾಗಿ ಕಾದೆ ಕಣಪ್ಪ ಅಂದ್ರಾ?"

ಉತ್ತರ ಕೊಟ್ಟವಳು ಕಿಡಿ.

"ಅನ್ನಲಿಲ್ಲ. ನಾನೂ ಅನ್ನಲಿಲ್ಲ. ತಪ್ಪು. ಆದ್ರೆ ಅದಕ್ಕೆ ನನ್ನ ಕೆಲಸದ ಮೇಲೆ ಕೈ ಹಾಕ್ತೀಯಾ? ಮರಿಗಳ ತಾಯಿ ಆ ಕರಡಿ, ಅದನ್ನ ಕೊಲ್ಲಿಸ್ತೀಯಾ? ನಾನು ಮರೆತೆ ಅಂತ ಊರೆಲ್ಲ ನಗುವಾಗ ನನ್ನ ಪಕ್ಕದಲ್ಲೇ ನಿಂತು ಬಿಡು ಮಗಳೇ ಅಂದ್ಯಲ್ಲ!"

ಚಿಕ್ಕಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಅಧ್ಯಕ್ಷೆ ಎದ್ದರು. "ಕರಡಿ ಹೊಡೆಯೋ ಮಾತು ಮುಗೀತು. ಕಿಡಿ, ನಿನ್ನ ಮೇಲೆ ಸುಮ್ಮನೆ ಹೊರಿಸಿದೆ, ತಪ್ಪಾಯ್ತು. ಇವನು ಒಡೆದದ್ದನ್ನ ಇವನೇ ಕಟ್ಟಬೇಕು, ಮೂರನ್ನೂ."

"ಹೆಂಗೇ ಆಗಲಿ," ಕಿಟಕಿಯ ಹತ್ತಿರದಿಂದ ಯಾರೋ ಅಂದರು, "ಬೇಲಿ ಸೋತ ಹಾಗೇ ಆಯ್ತಲ್ಲ?"

ಕಿಡಿ ಗಿರಕ್ಕನೆ ತಿರುಗಿದಳು. ಗುರಿಕಾರ ಮಾತ್ರ ತುಟಿ ಬಿಗಿದುಕೊಂಡು ನಿಂತಿದ್ದ.

"ಸೋತಿದ್ದು ಕರಡಿ," ಅಂದಳು. "ನನ್ನ ಬೇಲಿ ದಾಟೋಕೆ ನಮ್ಮ ಚಿಕ್ಕಪ್ಪನೇ ಬೇಕಾಯ್ತು. ಕತ್ತಲಲ್ಲಿ ಮೂರು ಸಂಸಾರ ಬಿಚ್ಚಿ, ಒಂದು ಹುಳದಿಂದಲೂ ಕಚ್ಚಿಸಿಕೊಳ್ಳದೆ, ಒಂದು ಮರಿ ಸಾಯಿಸದೆ ಮತ್ತೆ ಕೂಡಿಸೋರು ಈ ಕೋಣೆಯಲ್ಲಿ ಇನ್ಯಾರಿದ್ದೀರಿ? ಇದ್ರೆ ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ.

ಅವಳು ಒಂದು ಪೊಟ್ಟಣ ಎತ್ತಿ ಕಿವಿಗೆ ಹಿಡಿದಳು. ಸದ್ದು ಸಣ್ಣಗಾಗಿತ್ತು.

"ಅಧ್ಯಕ್ಷರೇ, ನಿಮ್ಮ ಗೋದಾಮಿನಲ್ಲಿ ಖಾಲಿ ಪೆಟ್ಟಿಗೆ ಇರಬೇಕಲ್ಲ? ಈಗಲೇ ಬೇಕು. ಕತ್ತಲಾಗೋದ್ರೊಳಗೆ ರಾಣಿಗಳನ್ನ ಅವುಗಳ ಸಂಸಾರಕ್ಕೆ ಸೇರಿಸಬೇಕು." ಚಿಕ್ಕಪ್ಪನ ಮುಂದೆ ಹೋಗಿ ನಿಂತಳು. "ಏಳು. ನಿನ್ನ ಮೇಲೆ ನನಗೆ ಇನ್ನೂ ಸಿಟ್ಟಿದೆ, ಅದು ಇವತ್ತಿಗೆ ಇಳಿಯೋದಲ್ಲ. ಆದ್ರೆ ಈ ಕೆಲಸ ನಿನ್ನಷ್ಟು ಚೆನ್ನಾಗಿ ನನಗೆ ಬರಲ್ಲ. ನೀನು ಮಾಡು, ನಾನು ಹೊಗೆ ಹಿಡೀತೀನಿ."

ಚಿಕ್ಕಪ್ಪ ಎದ್ದ. ಜನ ತಾವಾಗಿಯೇ ಬಾಗಿಲು ಬಿಟ್ಟು ಸರಿದರು.