ಬೋನಾಳದಲ್ಲಿ ನೀರು ಚೆಲ್ಲಿದ ಸಿಸ್ಟರ್

"ಏನ್ ಮಾಡಿದ್ರಿ ಇದು? ಕಣ್ಣ ಕಾಣಸೂದಿಲ್ಲೇನು?!"

ಅಂಗಳದ ತುಂಬ ನೀರು! ಉರುಳಿಬಿದ್ದ ಡ್ರಮ್ಮಿನ ಪಕ್ಕದಲ್ಲಿ ಒದ್ದೆ ಚಪ್ಪಲಿಯಲ್ಲಿ ನಿಂತವಳು ಸುಮಲತಾ, ಮನೆಮನೆಯ ನೀರು ಪರೀಕ್ಷಿಸುವ ಪೋಸ್ಟಿಂಗಿಗೆ ಬಂದ, ಸುರಪುರದ ಒಂದು ನರ್ಸಿಂಗ್ ಕಾಲೇಜಿನ ವಿದ್ಯಾರ್ಥಿನಿ. ಎದುರಿಗೆ ಕೆಂಡ ಕಾರುತ್ತಿದ್ದವನು ಮೌನೇಶ, ಬೋನಾಳದ ಓಣಿಗಳಿಗೆ ನಲ್ಲಿ ನೀರು ಬಿಡುವ ವಾಟರ್‌ಮನ್.

"ಅದರಾಗ ಸೊಳ್ಳಿ ಮರಿ ಇದ್ವು! ಡೆಂಗಿ ಬಂದ್ರ ನೀವು ನೋಡ್ಕೋತೀರೇನು?"

"ಈಗ ನಮ್ಮವ್ವ ಏನ್ ಬಳಸಬೇಕು? ನಲ್ಲಿ ಮತ್ತ ಯಾವಾಗ ಬರ್ತದೋ ಏನೋ!"

"ನೀರು ಬಿಡವ್ರು ನೀವ! ನನ್ನ ಕೇಳ್ತೀರಲ್ಲ!"

ಸುಮಲತಾ ಧಡಧಡ ಹೊರಬಂದಳು. ಕೃಷ್ಣಾ ನದಿ ದಂಡೆಯ ಮೀನುಗಾರರ ಮನೆಯ ಮಗಳು ಅವಳು. ನೀರು ಚೆಲ್ಲಿದರೆ ಇನ್ನೊಂದು ಕೊಡ ತಂದರಾಯಿತು, ಅದಕ್ಕೂ ಇಷ್ಟು ಕೂಗಾಟವೇ? ನೋಡಲು ಎಷ್ಟು ಚೆಂದ ಇದ್ದಾನೆ... ಬಾಯಿ ತೆರೆದರೆ ಮಾತ್ರ ದೇವರೇ ಗತಿ!

ಮರುದಿನ ಓಣಿಗೆ ಕಾಲಿಟ್ಟರೆ ಪಟಪಟನೆ ಬಾಗಿಲು ಮುಚ್ಚಿಕೊಂಡವು.

"ಡ್ರಮ್ ಉರುಳಸಾಕಿ ಬಂದ್ಳು!" ಎಂದು ಒಳಗಿನಿಂದ ಯಾರೋ ಕೂಗಿದರು.

ಸುದ್ದಿ ಕಾಲೇಜಿಗೂ ಮುಟ್ಟಿತು. ಪೋಸ್ಟಿಂಗ್ ನೋಡಿಕೊಳ್ಳುವ ಭಾರತಿ ಮೇಡಂ ಕರೆದು ಹೇಳಿದರು, "ನೀ ಚೆಲ್ಲೂದಲ್ಲ ಸುಮಾ, ಓಣಿಯವ್ರ ತಾವಾಗಿ ಒಪ್ಪಿ ಡ್ರಮ್ ತೊಳೀಬೇಕು. ಇಲ್ಲಂದ್ರ ಈ ಪೋಸ್ಟಿಂಗ್ ಮುಂದಿನ ವರ್ಷ ಮತ್ತ ಮಾಡ್ಬೇಕಾಗ್ತದ."

ಮುಂದಿನ ವರ್ಷ! ಒಂದು ವರ್ಷ ಹಾಳಾದರೆ ಓದು ಬಿಡಿಸಿ ಮದುವೆ ಮಾಡುತ್ತೇನೆ ಎಂದು ಅಪ್ಪ ತಿರುಪತಿ ಮೊದಲೇ ಖಡಾಖಂಡಿತ ಹೇಳಿಬಿಟ್ಟಿದ್ದ.

'ಓಣಿಗೆಲ್ಲ ಚಾಡಿ ಹೇಳಿದವನು ಅವನೇ! ಸಿಗಲಿ ನನ್ನ ಕೈಗೆ...'

ಆದರೆ ಕೈಗೆ ಸಿಕ್ಕಿದ್ದು ಮಸ್ತಾನಬಿ. ಓಣಿಯಲ್ಲಿ ಬಾಗಿಲು ಹಾಕದೆ ಉಳಿದವಳು ಈ ಮುದುಕಿ ಒಬ್ಬಳೇ.

"ಮೌನೇಶನಾ? ಬಾಗಿಲಾ ಹಾಕಿದ್ದಕ್ಕ ಓಣಿಯವ್ರಿಗೆಲ್ಲ ಬೈದಾನವ್ವ! 'ಆ ಹುಡುಗಿ ನಮ್ಮ ಸಲುವಾಗಿ ಬಿಸಿಲಾಗ ತಿರಗ್ಯಾಡ್ತಾಳ' ಅಂತ. ಆದ್ರ ಬೇಟಿ, ನೀರ ಎಂದ ಬರ್ತದ ಗೊತ್ತಿಲ್ಲದಾಗ ತುಂಬಿದ ಡ್ರಮ್ ಯಾರ ಚೆಲ್ತಾರ?"

ಸುಮಲತಾಳ ಮುಖ ಸಣ್ಣಗಾಯಿತು. ಛೇ! ಒಂದು ಮಾತು ಕೇಳದೆ ಚೆಲ್ಲಿಬಿಟ್ಟೆನಲ್ಲ... ಆ ನಾಚಿಕೆಯ ನಡುವೆಯೇ ಅವಳಿಗೆ ಏನೋ ಹೊಳೆಯಿತು. ನೀರಿನ ಟಾಕಿಯ ಹತ್ತಿರ ಓಡಿದಳು.

"ನೀರ ಬಿಡೂ ದಿನ ಮೊದ್ಲ ಹೇಳಾಕ ನಿಮಗೇನ್ ಧಾಡಿ? ಹಿಂದಿನ ಸಂಜಿ ಡ್ರಮ್ ಖಾಲಿ ಆಗಿರ್ತಾವು. ಆವಾಗ ತಿಕ್ಕಿ ತೊಳೀತಾರ!"

"ಕರೆಂಟ್ ಇದ್ರ ಮೋಟಾರ್ರಿ! ಅದು ನನ್ನ ಮಾತು ಕೇಳ್ತದೇನು?"

"ಕರೆಂಟ್ ಇದ್ದಾಗ ಟಾಕಿ ತುಂಬ್ರಿ, ಹೇಳಿದ ದಿನ ಬಿಡ್ರಿ!"

ಮೌನೇಶ ತಲೆಯೆತ್ತಿ ಟಾಕಿಯನ್ನು ನೋಡಿದ.

"ಇದು ನನಗ ಹೊಳೀಲೇ ಇಲ್ಲ ನೋಡ್ರಿ..."

"ಕೂಗೂದ್ರಾಗ ಪುರಸೊತ್ತ ಎಲ್ಲದ ನಿಮಗ?" ಎಂದವಳು ದನಿ ತಗ್ಗಿಸಿದಳು. "ತಪ್ಪು ನಂದೂ ಅದ. ನಿಮ್ಮವ್ವನ್ನ ಕೇಳಬೇಕಿತ್ತು."

ಸೋಮವಾರ ನೀರು ಬಿಡುವುದೆಂದು ನಿರ್ಧಾರವಾಯಿತು. ಭಾನುವಾರ ಸಂಜೆ ಇಬ್ಬರೂ ಮನೆಮನೆಗೆ ಹೋಗಿ ಸಾರಿದರು. ಯಾರೂ ನಂಬಲಿಲ್ಲ! ಸೋಮವಾರ ನೀರು ನಿಜಕ್ಕೂ ಬಂತು. ಮುಂದಿನ ವಾರವೂ ಬಂತು. ಆಮೇಲಿನ ಭಾನುವಾರ ಓಣಿಯ ತುಂಬ ಡ್ರಮ್ ತಿಕ್ಕುವ ಸದ್ದೇ ಸದ್ದು. ಭಾರತಿ ಮೇಡಂ ಕಣ್ಣಾರೆ ನೋಡಿ, "ಪಾಸಾದಿ ಹೋಗು!" ಎಂದು ನಕ್ಕರು.

ಪೋಸ್ಟಿಂಗ್ ಮುಗಿಯಿತು. ಇನ್ನು ಮುಂದಿನ ಪೋಸ್ಟಿಂಗಿಗೆ ಶಹಾಪುರಕ್ಕೆ ಹೋಗಬೇಕು. ಸುಮಲತಾಳಿಗೆ ಖುಷಿಯಾಗಬೇಕಿತ್ತು, ಆದರೆ ಬಸ್ಸಿಗೆ ಕಾಯುತ್ತ ನಿಂತಾಗ ಎದೆ ಭಾರವಾಗಿತ್ತು.

ಮೌನೇಶ ಬಂದ. ಪೈಪಿನ ಸುದ್ದಿ ಹೇಳಿದ. ಮೋಟಾರಿನ ಸುದ್ದಿ ಹೇಳಿದ. ದೂರದಲ್ಲಿ ಬಸ್ಸು ಕಾಣಿಸಿತು. ಅವನ ಮಾತು ಇನ್ನೂ ನಲ್ಲಿಯ ವಾಲ್ವಿನಲ್ಲೇ ಇತ್ತು!

"ಅಯ್ಯೋ ನನ್ನ ಕರ್ಮ! ಬಸ್ ಬಂತು. ಹೇಳೂದಿದ್ರ ಹೇಳ್ರಿ!"

"ನೀವಂದ್ರ... ನನಗ ಜೀವ ರೀ."

ಬಸ್ಸು ಬಂದು ನಿಂತಿತು. ಅವಳು ಹತ್ತಲಿಲ್ಲ. ಕಣ್ಣು ತುಂಬಿತ್ತು.

"ನನ್ನ ಕೋರ್ಸ್ ಮುಗೀಬೇಕು. ನೌಕರಿ ಸಿಗಬೇಕು."

"ನಿಮ್ಮಪ್ಪಗ ನಾನ ಹೇಳ್ತೀನಿ, ಮೊದ್ಲ ಓದು, ಆಮ್ಯಾಲೆ ಮದಿವಿ ಅಂತ. ಅಲ್ಲೀತನ ಕಾಯ್ತೀನ್ರಿ."

"ಇಷ್ಟ ದಿನ ಬಾಯಾಗ ಏನ್ ಇಟ್ಕೊಂಡಿದ್ರಿ?!"

"ಸಿಟ್ಟ ಇಳದ ಮ್ಯಾಲೆ ಉತ್ತರ ಹೇಳ್ರಿ..."

"ನನ್ನ ಸಿಟ್ಟ ಇಳಿಯೂದಿಲ್ಲ," ಸುಮಲತಾ ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು. "ಸಿಟ್ಟಿನಾಗನ ಹ್ಞೂಂ ಅನ್ನಾಕತ್ತೀನಿ. ಕೇಳಸವಲ್ದೇನು?"