ಬಸಿರು ಎಂಬ ಮಾತು

"ನಿಮ್ಮ ಕಡೆ ಬಸ್ರಿ ಎಂಗಸ್ಗೆ ಇನ್ನೇನೇನ್ ಅಂತಾರೆ?"

ಅರಕೆರೆಯ ಪುಟ್ಟ ಲೈಬ್ರರಿಯಲ್ಲಿ ಮಹದೇವಸ್ವಾಮಿ ಹಾಗೆ ಕೇಳಿದಾಗ ಅದನ್ನು ನೋಡಿಕೊಳ್ಳುತ್ತಿದ್ದ ಪ್ರಮೀಳಾ ರಿಜಿಸ್ಟರಿನಿಂದ ತಲೆಯೆತ್ತಲಿಲ್ಲ. ಅವನು ಪಾಂಡವಪುರ ಕಾಲೇಜಿನ ಕನ್ನಡ ಮೇಷ್ಟರು. ನಲವತ್ತಾದರೂ ಒಂಟಿ. ಆಡುಮಾತು ಬರೆದುಕೊಳ್ಳಲು ಶನಿವಾರ ಶನಿವಾರ ಊರೂರು ಸುತ್ತುತ್ತಿದ್ದ.

"ಬೇರೆ ಯಾರ್ನಾದ್ರೂ ಕೇಳಿ," ಎಂದು ಅವಳು ಕಪಾಟಿನ ಮರೆಗೆ ಹೋಗಿ ನಿಂತುಬಿಟ್ಟಳು.

ಕೆ.ಆರ್. ಪೇಟೆಯ ಗಂಡನ ಮನೆಯಲ್ಲಿ ಹನ್ನೊಂದು ವರ್ಷ ಅವಳು ಕೇಳಿದ್ದು ಅದೊಂದೇ ಮಾತು. "ಈ ತಿಂಗ್ಳೂ ಬಸ್ರಾಗ್ನಿಲ್ವಾ?" ಎಂದು ಅತ್ತೆ ಮಂಚಮ್ಮ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಕೊನೆಗೆ ಕೋರ್ಟಿನಲ್ಲಿ ಸಂಬಂಧ ಹರಿಯಿತು. ಗಂಡ ಬೇರೆ ಮದುವೆಯಾದ. ಪ್ರಮೀಳಾ ತೊಂಬತ್ಮೂರರಲ್ಲಿ ತೌರೂರು ಅರಕೆರೆಗೆ ಮರಳಿದಳು. ಅಲ್ಲಿಂದೀಚೆಗೆ ಸೀಮಂತ, ನಾಮಕರಣಗಳಿಗೆ ಅವಳನ್ನು ಯಾರೂ ಕರೆಯಲಿಲ್ಲ.

ಮುಂದಿನ ಶನಿವಾರ ಮಹದೇವಸ್ವಾಮಿ ಬಾಗಿಲಲ್ಲೇ ನಿಂತ. ಯಾರೋ ಅವನಿಗೆ ವಿಷಯ ಹೇಳಿದ್ದರು.

"ತಪ್ಪಾಯ್ತು ಕಣ್ರೀ. ಗೊತ್ತಿರ್ನಿಲ್ಲ."

"ನೀವೇನ್ ಮಾಡೀರಿ. ಆ ಮಾತೇ ಅಂತಾದ್ದು."

"ಮಾತ್ ಪಾಪದ್ದು," ಎಂದ ಮೆಲ್ಲಗೆ. "ಹಳಗನ್ನಡದಲ್ಲಿ ಬಸಿರು ಅಂದ್ರೆ ಬರೀ ಹೊಟ್ಟೆ. ತಮಿಳ್ನೋರ ವಯಿರು ಅದರ ಒಡಹುಟ್ಟು. ಆಮೇಲೆ ಹೊಟ್ಟೇಲಿರೋ ಕೂಸ್ಗೂ ಅದೇ ಹೆಸರಾಯ್ತು. ಮೊದ್ಲಿನ ಅರ್ಥ ಜನ ಮರ್ತ್ಬುಟ್ರು."

"ಅಂಗಾರೆ ಗಂಡಸ್ರಿಗೂ ಬಸ್ರಿತ್ತಾ?"

"ರಾಜಂಗೂ ಇತ್ತು, ಕೂಲಿಯೋನ್ಗೂ ಇತ್ತು. ನಂಗೂ ಅದೆ."

ಅವಳ ನೋಟ ಅವನ ಅಂಗಿಯ ಗುಂಡಿ ಬಿಗಿದಿದ್ದ ಕಡೆ ಒಂದು ಗಳಿಗೆ ನಿಂತಿತು. ತುಟಿಯಂಚು ಅದುರಿತು.

"ನಿಮ್ಗೆ ಆರು ತಿಂಗ್ಳು ಅನ್ಬೋದು."

ಅವನು ಕಿವಿಯವರೆಗೂ ಕೆಂಪಾದ. ಅವಳು ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟೋ ವರ್ಷಗಳ ಮೇಲೆ ಅವಳು ಬಾಯ್ತುಂಬ ನಕ್ಕಿದ್ದಳು.

ಆಮೇಲೆ ಅವಳು ಶನಿವಾರಗಳನ್ನು ಎಣಿಸತೊಡಗಿದಳು. ಹಾಗೆ ನಾಲ್ಕು ತಿಂಗಳು ಕಳೆದವು. ಒಂದು ದಿನ ಅವನು ಮಾತು ಬರೆದುಕೊಳ್ಳುವ ಪುಸ್ತಕ ತೆಗೆಯಲೇ ಇಲ್ಲ.

"ನಾಗಮಂಗಲಕ್ಕೆ ಟ್ರಾನ್ಸ್‌ಫರ್ ಆಗ್ಯದೆ. ಒಬ್ನೇ ಓಗಕ್ಕೆ ಮನಸ್ಸಿಲ್ಲ."

"ನಂಗ್ ಮಕ್ಕಳಾಗಾಕಿಲ್ಲ."

"ನಾನ್ ಕೇಳ್ತಿರೋದು ನಿಮ್ಮನ್ನ."

"ಐದು ವರ್ಷ ಕಳುದ್ಮೇಲೆ ನೀವೂ ಅದೇ ಕೇಳುದ್ರೆ?"

ಅವನು ತಕ್ಷಣ ಮಾತು ಕೊಡಲಿಲ್ಲ. "ಕೇಳಾಕಿಲ್ಲ ಅಂತ ಇವತ್ತು ಏಳ್ಬೋದು. ನಂಬೋದು ಬುಡೋದು ನಿಮ್ಗೇ ಸೇರಿದ್ದು."

ಅವಳು ಮತ್ತೆ ರಿಜಿಸ್ಟರು ತೆರೆದಳು. ಬಸ್ಸು ಬಂತು, ಅವನು ಹತ್ತಿ ಹೋದ.

ಮೂರು ಶನಿವಾರ ಲೈಬ್ರರಿಗೆ ಯಾರೂ ಬರಲಿಲ್ಲ. ಜೋಡಿಸಿಟ್ಟ ಪುಸ್ತಕಗಳನ್ನೇ ಅವಳು ಮತ್ತೆ ಜೋಡಿಸಿದಳು. ಅವನು ತಡಮಾಡಿ ಆಡಿದ ಆ ಉತ್ತರ ಮನಸ್ಸಿನಿಂದ ಹೋಗಲಿಲ್ಲ. ಸುಳ್ಳಾಡುವವನಾಗಿದ್ದರೆ ಅಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ. ನಾಲ್ಕನೆಯ ಶನಿವಾರ ಬೀಗ ಹಾಕಿ ಹೊರಟಳು. ಎರಡು ಬಸ್ಸು ಬದಲಿಸಿ ನಾಗಮಂಗಲದಲ್ಲಿ ಇಳಿದು, ಕಾಲೇಜಿನ ಹತ್ತಿರ ಅವನ ಮನೆ ಕೇಳಿಕೊಂಡು ಹೋದಳು.

ಬಾಗಿಲು ತೆರೆದಿತ್ತು. ಅವನು ನಲ್ಲಿಯ ಬಳಿ ಕುಕ್ಕರಗಾಲಲ್ಲಿ ಕೂತು ಅಕ್ಕಿ ತೊಳೆಯುತ್ತಿದ್ದ. ಅವಳನ್ನು ಕಂಡವನೇ ಎದ್ದು ನಿಂತ, ನೀರು ಚೆಲ್ಲಿತು.

ಪ್ರಮೀಳಾ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಒಳಗೆ ಬಂದು ಪಾತ್ರೆಯಲ್ಲಿ ಇಣುಕಿದಳು.

"ಇನ್ನೊಂದ್ ಪಾವು ಆಕಿ," ಎಂದಳು. "ನಾಳಿಂದ್ಲೂ ಅಷ್ಟೇಯ."