ಒಂದು ದೊಡ್ಡದು, ಒಂದು ಮಗುದು

"ಛೀ!"

ಐದನೇ ಸಾಲಿನಲ್ಲಿ ಯಾವುದೋ ಮಗು ವಾಂತಿ ಮಾಡಿತ್ತು. ಭಾನುವಾರ ಬೆಳಗಿನ ಮಕ್ಕಳ ಸಿನಿಮಾ ಎಂದರೆ ಥಿಯೇಟರ್ ಗುಡಿಸಿ ಒರೆಸುವ ಅವಳಿಗೆ ಇದೇ ಗೋಳು. ಮೂಗು ಮುಚ್ಚಿಕೊಂಡು ಟಾರ್ಚ್ ಹಾಕಿದಳು.

ಬೆಳಕು ಬಿದ್ದದ್ದು ದಪ್ಪ ಮೀಸೆಯ ಮುಖದ ಮೇಲೆ. ಒಬ್ಬನೇ ಕೂತಿದ್ದ. ಕೆನ್ನೆ ತುಂಬ ಕಣ್ಣೀರು!

"ಏನ್ರೀ, ಹುಷಾರಿಲ್ವಾ?"

"ಹಾಗೇನಿಲ್ಲ... ಆ ಮುಳ್ಳುಹಂದಿ ಮರಿಗೆ ಅಮ್ಮ ಸಿಗ್ತಾನೇ ಇಲ್ಲ..."

ಕತ್ತೆ ವಯಸ್ಸಾಗಿದೆ, ಕಾರ್ಟೂನ್ ನೋಡಿ ಅಳ್ತಾನೆ! ವಾಂತಿಗಿಂತ ಅವನೇ ಅವಳಿಗೆ ಹೆಚ್ಚು ಅಸಹ್ಯವಾಗಿ ಕಂಡ.

ಆದರೆ ಅವನು ಎದ್ದು ಅವಳ ಕೈಯಿಂದ ಬಟ್ಟೆ ತೆಗೆದುಕೊಂಡ. "ಕೊಡಿ, ನಾನು ಒರೆಸ್ತೀನಿ." ಮುಖ ಸಿಂಡರಿಸದೆ ಒರೆಸಿ, ಅವಳತ್ತ ನೋಡಿ ನಕ್ಕ.

ಆ ನಗು ಅವಳನ್ನು ವಾರವಿಡೀ ಕಾಡಿತು.

ಅವನು ಪ್ರತಿ ಭಾನುವಾರವೂ ಬಂದ. ಅವಳು ಬಾಗಿಲ ಪರದೆಯ ಹಿಂದೆ ನಿಂತು ಅವನನ್ನು ನೋಡುತ್ತಿದ್ದಳು. ಹಾಗೇ ಸಿನಿಮಾ ನೋಡಿ ಕಿಸಕ್ಕನೆ ನಕ್ಕು, ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತಿದ್ದಳು.

ಒಂದು ದಿನ ಟಿಕೆಟ್ ಕೌಂಟರಿನ ಅಕ್ಕ ಅಂದಳು, "ಆ ಮೀಸೆಯವನಾ? ವಾರ ವಾರ ಎರಡು ಟಿಕೆಟ್ ಕಣೇ. ಒಂದು ದೊಡ್ಡದು, ಒಂದು ಮಗುದು."

ಅವಳ ಎದೆ ಧಸಕ್ಕೆಂದಿತು. ಪಕ್ಕದ ಸೀಟು ಯಾವತ್ತೂ ಖಾಲಿ! ಹೆಂಡತಿ, ಮಗು ಇಟ್ಟುಕೊಂಡು ನನ್ನ ನೋಡಿ ನಗ್ತಾನಾ? ಇಲ್ಲಾ, ಇಲ್ಲದ ಮಗುವಿನ ಹೆಸರು ಹೇಳಿ ಮಕ್ಕಳ ಮಧ್ಯೆ ಬಂದು ಕೂರ್ತಾನಾ? ಥೂ! ನೇರ ಹೋಗಿ ಮ್ಯಾನೇಜರ್‌ಗೆ ದೂರು ಕೊಟ್ಟಳು.

ಮುಂದಿನ ಭಾನುವಾರ ಸಿನಿಮಾ ಶುರುವಾಗುವ ಮೊದಲೇ ಮ್ಯಾನೇಜರ್ ಅವನೆದುರು ನಿಂತ.

"ಮಗು ಟಿಕೆಟ್ ಇದೆಯಲ್ಲ. ಮಗು ಎಲ್ರೀ?"

ಅಕ್ಕಪಕ್ಕದ ತಾಯಂದಿರು ಮಕ್ಕಳನ್ನು ಮಡಿಲಿಗೆ ಎಳೆದುಕೊಂಡರು.

"ಮಗು ಇಲ್ಲ ಸಾರ್, ಮದುವೇನೂ ಆಗಿಲ್ಲ." ಅವನು ಎರಡೂ ಟಿಕೆಟ್ ಮುಂದೆ ಹಿಡಿದ. "ನಾನು ಲ್ಯಾಬಲ್ಲಿ ಮಲ, ಮೂತ್ರ ಪರೀಕ್ಷೆ ಮಾಡೋನು. ಆರು ದಿನ ಅದೇ ಡಬ್ಬಿಗಳು... ಒಂದಿನ ಚೆಂದದ್ದು ನೋಡೋಣ ಅಂತ ಬರ್ತೀನಿ. ಒಬ್ಬನೇ ಅಂದ್ರೆ ಜನ ನಗ್ತಾರೆ. ಅದಕ್ಕೇ ಎರಡು ತಗೊಳ್ತೀನಿ."

"ವ್ಯಾಕ್!" ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಮ್ಯಾನೇಜರ್ ಎರಡು ಹೆಜ್ಜೆ ಹಿಂದೆ ಸರಿದ. "ಎದ್ದೇಳ್ರೀ. ಇನ್ಮೇಲೆ ಈ ಕಡೆ ಬರ್ಬೇಡಿ."

ಅವನು ತಲೆ ತಗ್ಗಿಸಿ ಎದ್ದ.

ಈಗ ಅವಳಿಗೆ ಹೇಸಿಗೆಯಾದದ್ದು ತನ್ನ ಮೇಲೆಯೇ. ಇವತ್ತು ಹೋದರೆ ಇವನು ಮತ್ತೆ ಬರುವುದಿಲ್ಲ! ಪೊರಕೆ ಅಲ್ಲೇ ಬಿಸಾಡಿ ಬಂದು ಅವನ ಪಕ್ಕದ ಸೀಟಿನಲ್ಲಿ ಕೂತುಬಿಟ್ಟಳು.

"ಈ ಸೀಟು ನಂದು ಸಾರ್."

"ನೀನೇನು ಮಗುನಾ?"

"ನಾನೂ ಬಾಗಿಲ ಪರದೆ ಹಿಂದೆ ನಿಂತು ವಾರ ವಾರ ಇದನ್ನೇ ನೋಡ್ತೀನಿ. ಕಳಿಸೋದಾದ್ರೆ ಇಬ್ಬರನ್ನೂ ಕಳಿಸಿ!"

ಇವಳನ್ನು ಕಳಿಸಿದರೆ ಬೇರೆ ಯಾರು ವಾಂತಿ ಒರೆಸುತ್ತಾರೆ? ಮ್ಯಾನೇಜರ್ ಗೊಣಗುತ್ತಾ ಹೊರಟುಹೋದ. ಮೀಸೆಯವನು ಮತ್ತೆ ಕೂತ. ದೀಪಗಳು ಆರಿದವು.

"ದೂರು ಕೊಟ್ಟಿದ್ದು ನಾನೇ... ತಪ್ಪಾಯ್ತು."

"ಗೊತ್ತು. ನನ್ನನ್ನ ಅಷ್ಟೊಂದು ನೋಡೋರು ಇನ್ಯಾರಿದ್ದಾರೆ?"

ಅವಳ ಕೈ ತಾಗಿದಾಗ ಅವನು ತನ್ನ ಕೈ ಹಿಂದೆಳೆದುಕೊಂಡ. "ಎಷ್ಟು ತೊಳೆದ್ರೂ ಲ್ಯಾಬ್ ವಾಸನೆ ಹೋಗಲ್ಲ..."

"ನಂದು ಫಿನಾಯಿಲ್ ವಾಸನೆ. ನೀವು ಮೂಗು ಮುಚ್ಕೊಳ್ತೀರಾ?"

"ಇಲ್ಲ."

"ಹಾಗಾದ್ರೆ ಸುಮ್ನೆ ಹಿಡ್ಕೊಳ್ಳಿ. ಸಿನಿಮಾ ಶುರುವಾಯ್ತು."